ಹಿಪ್ಪರಗಿ ದಿಬ್ಬದ ಮೇಲೆ ಹೇಳಿದ ಹೆಸರು

ಮಕ್ಕಳೇ, ಗಂಟಲಿನ ಆಪರೇಶನ್ ಆದ ಮೇಲೆ ನಿಮ್ಮ ಅಜ್ಜನ ದನಿ ಪೂರ್ತಿ ಹೋಯಿತು. ಮಾತಿನಿಂದಲೇ ವ್ಯಾಪಾರ ಕುದುರಿಸುತ್ತಿದ್ದವರಿಗೆ ಉಳಿದದ್ದು ಒಂದೇ ಕೆಲಸ. ನಿಂಬೆ, ದ್ರಾಕ್ಷಿ ತೋಟಗಳ ಫೋಟೋ ತೆಗೆದು, ಬೆಳೆ ಹೇಗಿದೆ ಎಂದು ಬರೆದು, ದಿನಾ ಸಂಜೆಯೊಳಗೆ ಪುಣೆಯ ಕಂಪನಿಗೆ ಇಂಟರ್‌ನೆಟ್ಟಿನಲ್ಲಿ ಕಳಿಸಬೇಕು. ಹಳೆಯ ಟೆಂಪೋದಲ್ಲಿ ಮಂಚ, ಸ್ಟೋ, ಕಂಪ್ಯೂಟರ್ ಇಟ್ಟುಕೊಂಡು ಇಬ್ಬರೂ ಅದರಲ್ಲೇ ಇರುತ್ತಿದ್ದೆವು. ತೋಟದವರ ಜೊತೆ ಮಾತಾಡಲು ನಾನು. ನಾನೋ, ಪರರ ಎದುರು ಸೆರಗು ಕಚ್ಚಿಕೊಂಡು ನಿಲ್ಲುವವಳು.

ಕೆಲಸಕ್ಕಿಂತ ನೆಟ್ ಹುಡುಕುವುದೇ ದೊಡ್ಡದಾಗಿತ್ತು. ಲಚ್ಯಾಣದಲ್ಲಿ ಸಿಕ್ಕಿದ್ದು ಮೋರಟಗಿಯಲ್ಲಿ ಇಲ್ಲ. ಕಂಪ್ಯೂಟರಿಗೆ ಚುಚ್ಚುವ ನೆಟ್ಟಿನ ಕಡ್ಡಿಗೆ ಉದ್ದ ವಾಯರ್ ಹಾಕಿ, ನಾನು ಹಿಟ್ಟು ನಾದುವ ಸ್ಟೀಲಿನ ಪರಾತದೊಳಗೆ ಅದನ್ನಿಟ್ಟು, ಅವರು ಟೆಂಪೋ ಮೇಲೆ ಹತ್ತಿ ಟವರಿನ ಕಡೆ ತಿರುಗಿಸುತ್ತಿದ್ದರು.

ಅವತ್ತು ಹೂವಿನ ಹಿಪ್ಪರಗಿಯ ದಿಬ್ಬದ ಮೇಲೆ ರೇಂಜ್ ಚೆನ್ನಾಗಿತ್ತು, ಆದರೆ ನೆಟ್ಟಿನ ಸಿಮ್ ಕಾರ್ಡೇ ಬಂದ್ ಆಗಿತ್ತು. ಹಿಂದಿನ ವಾರವೂ ವರದಿ ತಪ್ಪಿತ್ತು. ಇನ್ನೊಮ್ಮೆ ತಪ್ಪಿದರೆ ಬೇರೆಯವರನ್ನು ನೋಡುತ್ತೇವೆ ಎಂದು ಕಂಪನಿ ಹೇಳಿತ್ತು. ನಿಮ್ಮ ಅಜ್ಜ ಕಾರ್ಡಿನವರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು.

"ಕಾರ್ಡ್ ಯಾರ ಹೆಸರಲ್ಲಿದೆ ಮೇಡಂ?" ಆ ಕಡೆಯ ಹುಡುಗಿ ಕೇಳಿದಳು.

"ನಮ್ಮ ಮನಿಯವರ ಹೆಸರಿಲೆ ಐತ್ರಿ."

"ಅವರ ಹೆಸರು?"

"ಅದನ್ನ ನಾ ಹೆಂಗ ಹೇಳ್ಲಿ, ಯವ್ವಾ?"

"ಹಾಗಾದ್ರೆ ಅವರಿಗೇ ಫೋನ್ ಕೊಡಿ."

"ಅವರಿಗೆ ದನಿ ಇಲ್ಲವ್ವಾ."

ನಾವು ಗಂಡನ ಹೆಸರು ಹೇಳುವವರಲ್ಲ. ಮದುವೆ, ಬಸುರಿಯರ ಕುಬಸಗಳಲ್ಲಿ ಹೆಂಗಸರು ಬಾಗಿಲು ಅಡ್ಡಗಟ್ಟಿ ಕಾಡಿದಾಗ ಒಡಪು ಅನ್ನುವ ಪ್ರಾಸದ ಸಾಲಿನೊಳಗೆ ಸೇರಿಸಿ ಹೇಳಿದ್ದಷ್ಟೇ. ಬೇರೆ ದಾರಿ ಕಾಣದೆ ಕಣ್ಣು ಮುಚ್ಚಿ ಆ ಒಡಪನ್ನೇ ಹೇಳಿಬಿಟ್ಟೆ. ನಿಂಬಿ ಗಿಡಕ್ಕ ಮುಳ್ಳಿನ ಕಾವಲ, ನನ್ನ ಬಾಳಿಗೆ ಇಂಥವರ ಕಾವಲ. ‘ಇಂಥವರ’ ಅಂದಲ್ಲಿ ಅವರ ಹೆಸರಿತ್ತು.

"ಮೇಡಂ, ಇಷ್ಟೂ ಹೆಸರೇ?" ಹುಡುಗಿ ಗಾಬರಿಯಾದಳು. "ಬರೀ ಹೆಸರು ಹೇಳಿ ಸಾಕು."

ಮಂಚದ ಮೇಲೆ ಕೂತಿದ್ದ ಅವರ ಭುಜ ನಗುವಿಗೆ ಅಲುಗುತ್ತಿತ್ತು. ನಾನು ಬಾಗಿಲ ಕಡೆ ತಿರುಗಿ, ಬರೀ ಹೆಸರು ಹೇಳಿದೆ.

ಹಿಂದೆ ಉಸಿರಿನ ಸದ್ದಾಯಿತು. ತಿರುಗಿ ನೋಡಿದರೆ ಅವರು ನಗುತ್ತಿರಲಿಲ್ಲ. ಯಾರಾದರೂ ಹೆಸರು ಹಿಡಿದು ಕರೆದರೆ ‘ಓ’ ಅನ್ನುತ್ತೇವಲ್ಲ, ಹಾಗೆ ಬಾಯಿ ತೆರೆದಿದ್ದರು. ಬರೀ ಗಾಳಿ ಬಂತು.

ಸ್ವಲ್ಪ ಹೊತ್ತಿಗೆ ನೆಟ್ ಬಂತು, ವರದಿ ಹೋಯಿತು. ಕಂಪ್ಯೂಟರ್ ಮುಚ್ಚಿ ಅವರು ಇನ್ನೊಮ್ಮೆ ಎಂದು ಬೆರಳೆತ್ತಿದರು. ನಾಚಿಕೆಯಾದರೂ ಹೇಳಿದೆ. ಅಂದಿನಿಂದ ವರದಿ ಹೋದ ಮೇಲೆ ದಿನಾ ಬೆರಳೆತ್ತುತ್ತಿದ್ದರು, ನಾನು ಕರೆಯುತ್ತಿದ್ದೆ. ಅವರು ಹೋಗುವ ತನಕ ಕರೆದೆ. ಪ್ರತಿ ಸಲವೂ ಬಾಯಿ ತೆರೆದರು.