ಹಾಕದ ಚಪ್ಪರಕ್ಕೆ ಬಂದ ಗರಿ

ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದಷ್ಟು ಕಾಲವೂ ನಾನು ದಿನಕ್ಕೊಂದು ಸುಳ್ಳನ್ನಾದರೂ ಹೇಳಿದ್ದೇನೆ. ತುಂಬಿದ ಬಸ್ಸಿನ ಬಾಗಿಲಲ್ಲಿ ನಿಂತು, ಕೈಯೆತ್ತಿ ಓಡಿ ಬರುವವರಿಗೆ, “ಹಿಂದೆ ಇನ್ನೊಂದ್ ಗಾಡಿ ಬತ್ತಾ ಐತೆ, ಖಾಲಿ ಐತೆ, ಅದ್ರಲ್ ಬನ್ನಿ” ಎನ್ನುತ್ತಿದ್ದೆ. ಹಿಂದೆ ಯಾವ ಗಾಡಿಯೂ ಇರುತ್ತಿರಲಿಲ್ಲ. ಆ ಸುಳ್ಳುಗಳಿಗಾಗಿ ನಾನೆಂದೂ ನಿದ್ದೆಗೆಟ್ಟವನಲ್ಲ. ಈಗ ಬರೆಯುತ್ತಿರುವುದು ನಿವೃತ್ತನಾದ ಮೇಲೆ ಒಬ್ಬ ಗೆಳೆಯನಿಗೆ ಹೇಳಿದ ಒಂದು ಸುಳ್ಳಿನ ವಿಚಾರ.

ಗೆಳೆಯ ಎಂಬವನು ನನಗೆ ತಡವಾಗಿ ಸಿಕ್ಕಿದ. ಹಾಸನದಿಂದ ಹೊಳೆನರಸೀಪುರ, ಅಲ್ಲಿಂದ ಅರಕಲಗೂಡು, ರಾಮನಾಥಪುರ ಎಂದು ತಿರುಗುತ್ತಿದ್ದವನಿಗೆ ದಾರಿಯುದ್ದಕ್ಕೂ ಮುಖಗಳ ಪರಿಚಯವಿತ್ತು. ಹೊಗೆಸೊಪ್ಪಿನ ಹರಾಜಿಗೆ ಹೋಗುವವರು, ಕೋರ್ಟಿಗೆ ಹೋಗುವವರು, ತವರಿಗೆ ಹೋಗುವ ಹೆಂಗಸರು, ಎಲ್ಲರೂ ನಕ್ಕು ಮಾತಾಡಿಸುತ್ತಿದ್ದರು. ಡಿಪೋದಲ್ಲಿ ಹೆಗಲ ಮೇಲೆ ಕೈ ಹಾಕುವವರಿದ್ದರು. ಇದೇ ಸ್ನೇಹ ಎಂದುಕೊಂಡಿದ್ದೆ. ನನ್ನ ಜೊತೆ ಬಹಳ ವರ್ಷ ಒಂದೇ ಗಾಡಿಯಲ್ಲಿ ದುಡಿದ ಡ್ರೈವರ್ ತೀರಿಕೊಂಡಾಗ ಡ್ಯೂಟಿ ಇದೆ ಎಂದು ಹೇಳಿ ಮಣ್ಣಿಗೆ ಹೋಗಲಿಲ್ಲ. ರಜೆ ಕೇಳಿದ್ದರೆ ಸಿಗುತ್ತಿತ್ತು.

ನಿವೃತ್ತನಾದ ಮೇಲೆ ಕೆಲವು ತಿಂಗಳು ಬೆಳಿಗ್ಗೆ ಎದ್ದು ಹೊಳೆನರಸೀಪುರದ ಬಸ್ ನಿಲ್ದಾಣಕ್ಕೆ ಹೋಗಿ ಕೂರುತ್ತಿದ್ದೆ. ಒಂದು ದಿನ ಹೊಸ ಕಂಡಕ್ಟರ್ ಒಬ್ಬ ಬಂದು, “ಎಲ್ಲಿಗೋಗ್ಬೇಕು ಸಾ?” ಎಂದು ಕೇಳಿದ. ಎಲ್ಲಿಗೂ ಇಲ್ಲ ಎಂದು ಹೇಳಲು ನಾಚಿಕೆಯಾಗಿ, ಎದ್ದು ಅವನ ಬಸ್ಸನ್ನೇ ಹತ್ತಿ ಅರಕಲಗೂಡಿಗೆ ಹೋಗಿ, ಟೀ ಕುಡಿದು ವಾಪಸ್ ಬಂದೆ. ಮತ್ತೆ ನಿಲ್ದಾಣಕ್ಕೆ ಹೋಗಿ ಕೂರಲಿಲ್ಲ.

ನಮ್ಮ ಬೀದಿಯ ಕೊನೆಗೆ ಒಂದು ಭಜನೆ ಮನೆ ಇದೆ. ಶನಿವಾರ ಸಂಜೆ ಆರೇಳು ಜನ ಸೇರುತ್ತಾರೆ. ಒಂದು ಶನಿವಾರ ಅದರ ಬಾಗಿಲ ಹೊರಗೆ ನಿಂತು ಕೇಳುತ್ತಿದ್ದೆ. ಒಳಗೆ ಹಾರ್ಮೋನಿಯಂ ನುಡಿಸುತ್ತಿದ್ದವನು ಹಾಡು ನಿಲ್ಲಿಸದೆ, ಹಾಡಿನ ನಡುವೆಯೇ ಎಂಬಂತೆ ಕೂಗಿದ.

“ಒಳಿಕ್ ಬನ್ನಿ ಸಾ, ಇಲ್ಲಿ ಟಿಕೇಟ್ ಕೇಳಾಕಿಲ್ಲ.”

ಎಲ್ಲರೂ ನಕ್ಕರು. ನಾನು ಒಳಗೆ ಹೋಗಿ ಗೋಡೆಗೆ ಒರಗಿ ಕುಳಿತೆ. ಅವನು ಹಳೇಕೋಟೆ ಕಡೆಯ ರೈತ. ತೆಂಗಿನ ತೋಟವಿತ್ತು. ಮೊಪೆಡ್ಡಿನಲ್ಲಿ ಬರುತ್ತಿದ್ದ. ನನಗಿಂತ ಒಂದೆರಡು ವರ್ಷ ಚಿಕ್ಕವನಿರಬೇಕು. ಮುಂದಿನ ವಾರ ನನ್ನ ಕೈಗೆ ತಾಳ ಕೊಟ್ಟ. ಅದಾದ ಮೇಲೆ ಸಾ ಎನ್ನುವುದು ಹೋಗಿ ಕಂಡಕ್ಟ್ರೇ ಆಯಿತು. ವರ್ಷದೊಳಗೆ ಕಂಡಕ್ಟ್ರೇ ಹೋಗಿ ಲೇ ಆಯಿತು. ನನ್ನನ್ನು ಲೇ ಎಂದು ಕರೆಯುವವರು ಅಷ್ಟು ಹೊತ್ತಿಗೆ ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ.

ಭಾನುವಾರಗಳಲ್ಲಿ ಅವನ ತೋಟದ ಮನೆಗೆ ಹೋಗಿ ಅಭ್ಯಾಸ ಮಾಡುತ್ತಿದ್ದೆವು. ಅವನ ಹೆಂಡತಿ ಒಲೆಯ ಮುಂದಿನಿಂದಲೇ ನನ್ನ ತಾಳ ಕೇಳಿ ತಿದ್ದುತ್ತಿದ್ದಳು.

“ನಿಧಾನ, ಕಂಡಕ್ಟ್ರಣ್ಣ, ನಿಧಾನ. ಕೊನೇ ಬಸ್ಸೇನ್ ಅಲ್ವಲ್ಲ ಇದು.”

“ಅಂಗಲ್ಲ ಕಣಮ್ಮಿ,” ಎಂದು ನನ್ನ ಗೆಳೆಯ ಹೇಳುತ್ತಿದ್ದ. “ಇವ್ನು ಸೀಟಿ ಊದ್ಬುಟ್ಟವ್ನೆ. ಅತ್ತುದ್ರೆ ಅತ್ತಬೇಕು, ಇಲ್ದಿದ್ರೆ ಅಲ್ಲೇ ನಿಂತ್ಕಬೇಕು.”

ಅವಳು ಹುರುಳಿಕಾಳಿನ ಬಸ್ಸಾರು ಮಾಡಿದರೆ ನಾನು ಮತ್ತೆ ಬಡಿಸಿಕೊಳ್ಳುವವರೆಗೆ ಸೌಟು ಕೆಳಗಿಡುತ್ತಿರಲಿಲ್ಲ.

ನಮ್ಮ ಭಜನೆಗೆ ಶನಿವಾರವೊಂದೇ ಅಲ್ಲ, ಸಾವಿನ ಮನೆಯೂ ಇತ್ತು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಹೆಣ ಇರುವಷ್ಟು ಹೊತ್ತು ಅದರ ಮುಂದೆ ಹಾಡಲು ಭಜನೆಯವರನ್ನು ಕರೆಯುತ್ತಾರೆ. ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರೇ ಊಟ ತರುತ್ತಾರೆ. ಹಾಡು ಮುಗಿಸಿ ಹೊರಡುವಾಗ ಬರುತ್ತೇವೆ ಎಂದು ಯಾರೂ ಹೇಳಬಾರದು, ಸುಮ್ಮನೆ ಎದ್ದು ಬರಬೇಕು. ಇದನ್ನೆಲ್ಲ ನನಗೆ ಹೇಳಿಕೊಟ್ಟವನು ಅವನು. ಅರಕಲಗೂಡು, ಚನ್ನರಾಯಪಟ್ಟಣ, ಶ್ರವಣಬೆಳಗೊಳದ ದಾರಿಯ ಹಳ್ಳಿಗಳು, ಎಲ್ಲಿಂದ ಕರೆ ಬಂದರೂ ಹೋದೆವು. ಡ್ರೈವರನ ಮಣ್ಣಿಗೆ ಹೋಗದ ನಾನು ಗುರುತಿಲ್ಲದವರ ಹೆಣದ ಮುಂದೆ ಕುಳಿತು ಬೆಳಗಿನವರೆಗೆ ತಾಳ ಹಾಕಿದೆ. ಸಾವಿಗೆ ನಾನು ಹೆದರುವುದಿಲ್ಲ ಎಂದು ನನ್ನ ಬಗ್ಗೆ ನನಗೇ ಹೆಮ್ಮೆ ಬೆಳೆಯಿತು.

ಆಮೇಲೆ ಗೆಳೆಯನ ಹೆಂಡತಿಗೆ ಕಾಯಿಲೆಯಾಯಿತು. ಹಾಸನದ ಆಸ್ಪತ್ರೆಯಲ್ಲಿ ಮಲಗಿಸಿದ್ದಾಗ ಒಂದು ಸಲ ಹೋಗಿ ನೋಡಿದೆ. ಸೌಟು ಹಿಡಿಯುತ್ತಿದ್ದ ಕೈ ಹಾಸಿಗೆಯ ಮೇಲೆ ಒಣ ಕಡ್ಡಿಯಂತೆ ಬಿದ್ದಿತ್ತು. “ಊಟ ಆಯ್ತಾ, ಕಂಡಕ್ಟ್ರಣ್ಣ?” ಎಂದು ಕೇಳಿದಳು. ನಾನು ಏನೋ ಒಂದು ಹೇಳಿ ಹೊರಗೆ ಬಂದುಬಿಟ್ಟೆ. ಮತ್ತೆ ಹೋಗಲಿಲ್ಲ. ಮಂಡಿನೋವು ಎಂದೆ, ನೆಂಟರು ಬಂದಿದ್ದಾರೆ ಎಂದೆ.

ವೈಶಾಖ ಮುಗಿಯುವ ಹೊತ್ತಿಗೆ ವೈದ್ಯರು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು. ಒಂದು ಮಧ್ಯಾಹ್ನ ಗೆಳೆಯ ಫೋನ್ ಮಾಡಿದ.

“ಲೇ, ಅವ್ಳಿಗೆ ಆಡ್ ಕೇಳ್ಬೇಕಂತೆ. ಎಲ್ರೂ ಬತ್ತಾವ್ರೆ. ನಿನ್ ತಾಳ ಇರ್ಲೇಬೇಕಂತೆ. ನಾಳೆ ಬೆಳಿಗ್ಗೆ ಬಂದ್ಬುಡು.”

ನಾನು ಯೋಚನೆ ಮಾಡಿ ಹೇಳಿದ ಮಾತಲ್ಲ. ಅಷ್ಟು ವರ್ಷ ಬಾಗಿಲಲ್ಲಿ ನಿಂತು ಹೇಳಿ ರೂಢಿಯಾದ ನಾಲಗೆ ತಾನಾಗಿ ಆಡಿತು. “ಅಯ್ಯೋ, ಮೊಮ್ಮಗಳ ಮದುವೆ ಕಣೋ. ನಮ್ಮ ಮನೇಲೇ ಶಾಸ್ತ್ರ ಇಟ್ಕೊಂಡಿದ್ದೀವಿ. ಚಪ್ಪರ ಹಾಕ್ಬಿಟ್ಟಿದ್ದೀವಿ,” ಎಂದೆ.

ನಮ್ಮಲ್ಲಿ ಮನೆಯ ಮುಂದೆ ಮದುವೆ ಚಪ್ಪರ ಬಿದ್ದ ಮೇಲೆ ಆ ಮನೆಯವರು ಸಾವಿನ ಮನೆಯ ಹೊಸಿಲು ತುಳಿಯುವುದಿಲ್ಲ. ಜೀವ ಹೋಗುವ ಹಾಗಿರುವವರನ್ನು ನೋಡಲೂ ಹೋಗುವುದಿಲ್ಲ. ಹೋದಾಗಲೇ ಪ್ರಾಣ ಹೋದರೆ ಮದುವೆಗೆ ಮೈಲಿಗೆ. ಇದಕ್ಕೆ ಯಾರೂ ಬೇಸರಪಡುವಂತಿಲ್ಲ, ಎದುರು ಮಾತಾಡುವಂತೆಯೂ ಇಲ್ಲ. ಅದಕ್ಕೇ ಆ ಮಾತು ನನಗೆ ಅಷ್ಟು ಸುಲಭವಾಗಿ ಒದಗಿತು. ಚನ್ನರಾಯಪಟ್ಟಣದಲ್ಲಿರುವ ಮಗಳ ಮಗಳಿಗೆ ಹುಡುಗನನ್ನು ಗೊತ್ತುಮಾಡಿದ್ದು ನಿಜ. ಆದರೆ ಮದುವೆ ಇದ್ದದ್ದು ದೀಪಾವಳಿಯ ಆಚೆಗೆ. ನಮ್ಮ ಮನೆಯ ಮುಂದೆ ಒಂದು ಕಂಬವನ್ನೂ ನೆಟ್ಟಿರಲಿಲ್ಲ.

“ಔದಾ? ಒಳ್ಳೇದಾಯ್ತು ಬುಡು. ಬರ್ಬ್ಯಾಡ ಅಂಗಾದ್ರೆ,” ಎಂದ ಅವನು.

ಮಾರನೆಯ ಬೆಳಿಗ್ಗೆ ನಮ್ಮ ಬಾಗಿಲಿಗೆ ಒಂದು ಲಗೇಜ್ ಆಟೋ ಬಂದು ನಿಂತಿತು. ಅದರ ತುಂಬ ಹಸಿ ತೆಂಗಿನ ಗರಿ. ಮೇಲೊಂದು ಬಾಳೆಗೊನೆ. ತಂದವನು ಗೆಳೆಯನ ತೋಟದ ಪಕ್ಕದ ಮನೆಯವನು.

“ಚಪ್ರುಕ್ಕೆ ಕಳುಸವ್ರೆ ಸಾ. ಆಯಮ್ಮನೇ ಏಳಿದ್ದು. ರಾತ್ರಿಯಿಂದ ಒಂದೇ ಸಮ ಅಂತಾವ್ರೆ, ನಾನ್ ಓಗಾಕ್ ಮುಂಚೆ ಕಳುಸ್ಬುಡಿ, ಆಮ್ಯಾಕೆ ಈ ತ್ವಾಟದ್ದೆಲ್ಲ ಮೈಲ್ಗೆ ಆಯ್ತದೆ, ಕಂಡಕ್ಟ್ರಣ್ಣಂಗೆ ಆಗಾಕಿಲ್ಲ ಅಂತ.” ಅವನು ಗರಿ ಇಳಿಸಲು ಬಗ್ಗಿದವನು ನಮ್ಮ ಬರಿಯ ಅಂಗಳವನ್ನು ನೋಡಿದ. “ಚಪ್ರ ಎಲ್ಲಿ ಸಾ?”

“ಕಂಬದೋರು ಇನ್ನೂ ಬಂದಿಲ್ಲ,” ಎಂದೆ. ಇದು ಆ ಚಪ್ಪರದ ಎರಡನೆಯ ಸುಳ್ಳು.

ಅವನು ಹೋದ ಮೇಲೆ ನನ್ನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

“ಯಾರ್ದು ಮದ್ವೆ? ನಂಗೇ ಗೊತ್ತಿಲ್ದಂಗೆ ಯಾರ್ನ ಮದ್ವೆ ಮಾಡ್ತಾ ಇದ್ದೀರಿ?”

ನಾನು ಹೇಳಿದೆ. ಅವಳು ಗರಿಗಳನ್ನು ನೋಡಿದಳು, ನನ್ನನ್ನು ನೋಡಿದಳು. “ಈಗ್ಲೇ ಓಗಿ. ಆಟೋದ ಇಂದೇನೇ ಓಗಿ. ಸಾಯೋಳ್ ಕಾಲ್ ಇಡ್ಕಂಡು ತಪ್ಪಾಯ್ತು ಅಂತ ಏಳಿ ಬನ್ನಿ,” ಎಂದಳು.

ನಾನು ಅಂಗಿ ಹಾಕಿಕೊಂಡೆ. ಚಪ್ಪಲಿಯನ್ನೂ ಮೆಟ್ಟಿದೆ. ಗರಿಯ ರಾಶಿಯ ಪಕ್ಕದಲ್ಲಿ ಬಹಳ ಹೊತ್ತು ನಿಂತೆ. ಹೋದರೆ ಅವಳ ಮುಖ ನೋಡಬೇಕಿತ್ತು, ಮತ್ತು ಚಪ್ಪರ ಇಲ್ಲ ಎಂದು ಆ ಮುಖಕ್ಕೆ ಹೇಳಬೇಕಿತ್ತು. ಕೊನೆಗೆ ಚಪ್ಪಲಿ ಕಳಚಿ, ಗರಿಗಳನ್ನು ಒಂದೊಂದಾಗಿ ಹಿತ್ತಲಿಗೆ ಎಳೆದು ಹಾಕಿದೆ. ಸಂಜೆ ಅವಳು ತೀರಿಕೊಂಡ ಸುದ್ದಿ ಬಂತು.

ಮಣ್ಣಿಗೆ ಹೋಗುವ ದಾರಿಯನ್ನು ನಾನೇ ಮುಚ್ಚಿಕೊಂಡಿದ್ದೆ. ನಮ್ಮ ತಂಡದವರು ಮಣ್ಣು ಮುಗಿಸಿ ಊರಿಗೆ ಬರುವಾಗ ನಮ್ಮ ಬೀದಿಗೆ ಕಾಲಿಡದೆ ಸುತ್ತು ಹಾಕಿ ಹೋದರಂತೆ, ಮದುವೆ ಮನೆಗೆ ಮೈಲಿಗೆಯ ಗಾಳಿ ಸೋಕಬಾರದೆಂದು. ಇದು ತಿಳಿದ ದಿನ ನನಗೆ ಅನ್ನ ಇಳಿಯಲಿಲ್ಲ. ತಿಥಿಗೂ ಹೋಗಲಿಲ್ಲ. ಮಣ್ಣಿಗೆ ಬಾರದವರು ಆಮೇಲೆ ಒಂದು ದಿನ ಹೋಗಿ ಮಾತಾಡಿಸಿಕೊಂಡು ಬರುವುದು ಪದ್ಧತಿ. ಅದಕ್ಕೂ ಹೋಗಲಿಲ್ಲ. ಶನಿವಾರ ಸಂಜೆ ಭಜನೆ ಮನೆಯ ಹಾಡು ಕೇಳಿಸಿದರೆ ಕಿಟಕಿ ಹಾಕಿಕೊಳ್ಳುತ್ತಿದ್ದೆ. ಚಿಕ್ಕ ಊರು. ಚಪ್ಪರ ಕಂಡವರಿಲ್ಲ, ಊಟ ಉಂಡವರಿಲ್ಲ. ಎಲ್ಲರಿಗೂ ತಿಳಿದೇ ಇರುತ್ತದೆ. ಒಂದು ಸಲ ಟೀ ಅಂಗಡಿಯಲ್ಲಿ ತಂಡದ ಟೈಲರ್ ನನ್ನನ್ನು ಕಂಡು ಮುಖ ತಿರುಗಿಸಿ ಲೋಟ ಕೆಳಗಿಟ್ಟು ಹೋದ.

ಹಿತ್ತಲಿನ ಗರಿ ಒಣಗಿತು. ಒಲೆಗಾದರೂ ಹಾಕೋಣ ಎಂದರೆ ಹೆಂಡತಿ ಮುಟ್ಟಲಿಲ್ಲ. “ನಿಮ್ ಚಪ್ರ ಅದು. ನೀವೇ ಏನಾರ ಮಾಡ್ಕಳಿ,” ಎಂದಳು. ನನಗೂ ಸುಡಲು ಕೈ ಬರಲಿಲ್ಲ.

ಶ್ರಾವಣ ಹುಟ್ಟಿದ ವಾರ ಬೆಳಿಗ್ಗೆ ಮೊಪೆಡ್ಡಿನ ಸದ್ದು ಕೇಳಿಸಿತು. ನನಗೆ ಆ ಸದ್ದು ಗೊತ್ತು. ಹೊರಗೆ ಬಂದೆ. ಅವನು ಇಳಿದಿರಲಿಲ್ಲ, ಒಂದು ಕಾಲು ನೆಲಕ್ಕೂರಿ ನಮ್ಮ ಅಂಗಳವನ್ನು ನೋಡುತ್ತಿದ್ದ. ಸೊರಗಿ ಅರ್ಧವಾಗಿದ್ದ.

“ಚಪ್ರ ಬಿಚ್ಚಾಯ್ತೇನ್ಲಾ?” ಎಂದ.

ಕೈ ಸನ್ನೆ ಮಾಡಿ ಹಿತ್ತಲಿಗೆ ಕರೆದುಕೊಂಡು ಹೋದೆ. ಒಣಗಿದ ರಾಶಿಯನ್ನು ತೋರಿಸಿದೆ. “ಚಪ್ಪರ ಹಾಕಿರಲಿಲ್ಲ. ಮದುವೆ ಇರಲಿಲ್ಲ. ಅವಳ ಮುಖ ನೋಡೋ ಧೈರ್ಯ ಇರಲಿಲ್ಲ ನನಗೆ,” ಎಂದೆ.

“ಗೊತ್ತು ಕಣ್ಲಾ. ಆಟೋದವ್ನು ಅವತ್ತೇ ಬಂದ್ ಏಳ್ದ, ಚಪ್ರ ಇಲ್ಲ ಅಂತ.”

“ಅವಳಿಗೆ?”

ಅವನು ರಾಶಿಯ ಪಕ್ಕದ ಕಲ್ಲಿನ ಮೇಲೆ ಕುಳಿತ. “ಅವ್ಳಿಗ್ಯಾಕ್ ಏಳ್ಲಿ? ಗರಿ ಸೇರುದ್ವಾ ಅಂದ್ಲು. ಸೇರುದ್ವು, ಚಪ್ರದ್ ಮ್ಯಾಲೆ ಬಲೇ ಚೆನ್ನಾಗ್ ಕಾಣ್ತವಂತೆ ಅಂದೆ. ನಿಂಗೋಸ್ಕರ ನಾನೂ ಸುಳ್ಳ್ ಏಳ್ದೆ. ಸಾಯೋ ಎಂಡ್ತಿಗೆ ನಾನ್ ಏಳಿದ್ ಕೊನೇ ಮಾತು ಅದೇ ಆಗೋಯ್ತು.”

ನಾನು ಕಾಲು ಹಿಡಿಯಲು ಬಗ್ಗಿದೆ. “ಏಳ್ಲಾ ಮ್ಯಾಕೆ, ನಿಂಗೆ ಮಂಡಿನೋವಲ್ವಾ,” ಎಂದು ತೋಳು ಹಿಡಿದು ನಿಲ್ಲಿಸಿದ. ಆ ಮಂಡಿನೋವಿನ ಸುಳ್ಳನ್ನೂ ಅವನು ಮರೆತಿರಲಿಲ್ಲ. ಅವನ ಮುಖದಲ್ಲಿ ನಗು ಇರಲಿಲ್ಲ.

ಆಮೇಲೆ ಒಂದು ಗರಿ ಎಳೆದುಕೊಂಡು ಅದರ ಎಲೆಗಳಿಂದ ಕಡ್ಡಿ ಸುಲಿಯಲು ಶುರು ಮಾಡಿದ. “ಇಷ್ಟೊಂದ್ ಕಡ್ಡಿ ಆಳ್ ಮಾಡಿದ್ದೀಯಲ್ಲಾ. ಅವ್ಳಾಗಿದ್ರೆ ಇಷ್ಟೊತ್ಗೆ ಪೊರ್ಕೆ ಕಟ್ಟಿರೋಳು. ಒಂದ್ ಕುಡ್ಲು ತತ್ತಾ.”

ನಾನು ಕುಡುಗೋಲು ತಂದುಕೊಟ್ಟು ಎದುರಿಗೆ ಕುಳಿತೆ. ಇಬ್ಬರೂ ಸುಲಿದೆವು. ಅವನ ಹೊರೆ ಬೇಗ ಬೆಳೆಯಿತು. ನನ್ನ ಕಡ್ಡಿಗಳು ಮುರಿಯುತ್ತಿದ್ದವು. ಬಿಸಿಲು ಹಿತ್ತಲಿಗೆ ಬರುವ ಹೊತ್ತಿಗೆ ನನ್ನ ಹೆಂಡತಿ ರೊಟ್ಟಿ ತಂದಿಟ್ಟಳು. ಅವನು ತಿಂದ. ಅವನು ನಮ್ಮ ಮನೆಯಲ್ಲಿ ತಿಂದದ್ದನ್ನು ಕಂಡು ನಾನು ತಲೆ ತಗ್ಗಿಸಿಕೊಂಡು ಕಡ್ಡಿ ಸುಲಿದೆ.

ಹೊರಡುವಾಗ ಕಟ್ಟಿದ ಪೊರಕೆಗಳಲ್ಲಿ ಒಂದನ್ನು ನಮ್ಮ ಗೋಡೆಗೆ ಒರಗಿಸಿ ಉಳಿದವನ್ನು ಮೊಪೆಡ್ಡಿಗೆ ಬಿಗಿದ. “ಶನಿವಾರ ಬಾ,” ಎಂದ. “ತಾಳ ಈಗ ಟೈಲ್ರು ಆಕ್ತಾವ್ನೆ. ನೀನ್ ಇಂದ್ಗಡೆ ಕುಂತ್ಕ.”

ಹೋದೆ. ಟೈಲರ್ ನನ್ನ ಕಡೆ ನೋಡಲಿಲ್ಲ. ಮೊದಲ ದಿನ ಒರಗಿದ್ದ ಅದೇ ಗೋಡೆಗೆ ಒರಗಿ ಕುಳಿತು ಬರಿಗೈಯಲ್ಲೇ ತಟ್ಟಿದೆ. ಅವಳನ್ನು ನೆನೆಯುತ್ತಿದ್ದಂತೆ ಕೈ ಎಂದಿನ ಹಾಗೆ ಹಾಡನ್ನು ಬಿಟ್ಟು ಮುಂದೆ ಓಡಿತು. ಹಾರ್ಮೋನಿಯಂ ಮುಂದೆ ಕುಳಿತವನು ತಿರುಗಿ ನೋಡದೆ, ಹಾಡಿನ ನಡುವೆಯೇ, “ನಿಧಾನ, ಕಂಡಕ್ಟ್ರೇ,” ಎಂದ.