ಶಂಖಕ್ಕೆ ಮುಂಚಿನ ಇಪ್ಪತ್ತು ನಿಮಿಷ

ಎರಡನೇ ಶಂಖದ ಸದ್ದಿಗೆ ಲೂಪೆಗೆ ಎಚ್ಚರವಾಯಿತು. ಕತ್ತು ಕೊಳದ ಕಲ್ಲಿನ ಅಂಚಿಗೆ ಆನಿಕೊಂಡಿತ್ತು, ಕಿವಿಗಳೆರಡೂ ನೀರಿನೊಳಗಿದ್ದವು, ಕೂದಲಿಗೆ ಹಿಂಡಿಕೊಂಡ ಹುಳಿ ಕಿತ್ತಳೆಯ ರಸವನ್ನು ಇನ್ನೂ ತೊಳೆದಿರಲಿಲ್ಲ. ಮೊದಲನೇ ಶಂಖ ಯಾವಾಗ ಊದಿದರೋ ಗೊತ್ತೇ ಆಗಿರಲಿಲ್ಲ. ಅವಳು ಯಾವಾಗಲೂ ಮೂಲೆಯ ಕರಿಬಂಡೆಯ ಹಿಂದೆ ಕೂರುವವಳು. ಬಟ್ಟೆ ಒಗೆಯಲು ಬಂದಿದ್ದ ಹೆಂಗಸರು ಅವಳನ್ನು ಕಾಣದೆಯೇ ಬಕೆಟ್ಟುಗಳನ್ನು ಎತ್ತಿಕೊಂಡು ಹೋಗಿಬಿಟ್ಟಿದ್ದರು.

ನಮ್ಮ ಹಳ್ಳಿಯಲ್ಲಿ ದಿನಾ ಸಂಜೆ ಮೂರು ಸಲ ಶಂಖ ಊದುತ್ತಾರೆ. ಮೊದಲನೆಯದಕ್ಕೆ ಎಲ್ಲಿದ್ದರೂ ಮನೆ ಸೇರಬೇಕು. ಎರಡನೆಯದಕ್ಕೆ ಮನೆಮನೆಯಲ್ಲೂ ಪ್ರಾರ್ಥನೆ ಶುರು. ಮೂರನೆಯದು ಕೇಳಿಸುವ ತನಕ ಯಾರೂ ರಸ್ತೆಯಲ್ಲಿ ನಡೆಯುವಂತಿಲ್ಲ, ನೀರಿಗಿಳಿಯುವಂತಿಲ್ಲ. ಹೊರಗೆ ಸಿಕ್ಕಿಹಾಕಿಕೊಂಡವರು ಇದ್ದಲ್ಲೇ ಕುಕ್ಕರಿಸಬೇಕು, ಆಮೇಲೆ ದಂಡ ಕಟ್ಟಬೇಕು. ಸಮೋವಾದ ಬೇರೆ ಕೆಲವು ಹಳ್ಳಿಗಳು ಈಗೀಗ ಸಡಿಲ ಬಿಟ್ಟಿವೆಯಂತೆ. ನಮ್ಮ ಸವಾಯಿ ದ್ವೀಪದ ಈ ಕಡಲಂಚಿನಲ್ಲಿ ನಾವು ಬಿಟ್ಟಿಲ್ಲ. ಬಿಡದಿರುವುದಕ್ಕೆ ಮುಖ್ಯ ಕಾರಣ ಸಿಮಿ ಎಂಬ ಹಿರಿಯ. ಹಳ್ಳಿಯ ಸಭೆ ಈ ದಂಡದ ಕೆಲಸವನ್ನು ಅವನಿಗೇ ಒಪ್ಪಿಸಿದೆ. ಸಿಮಿ ಬೇರೆ ಯಾರೂ ಅಲ್ಲ, ಲೂಪೆಯ ಮಾವ.

ಲೂಪೆ ಎದ್ದು ಒದ್ದೆ ಮೈಗೇ ಅಂಗಿ ಎಳೆದುಕೊಂಡಳು. ಹಂದಿದೊಡ್ಡಿಗಳ ಹಿಂದಿನಿಂದ ಓಡಿದರೆ ಮನೆ ಎರಡು ನಿಮಿಷದ ದಾರಿ. ಅಷ್ಟರಲ್ಲಿ ಮಗು ಅಳುವುದು ಕೇಳಿಸಿತು. ನಮ್ಮ ಮನೆಗಳಿಗೆ ಕಂಬ ಇವೆ, ಚಾವಣಿ ಇದೆ, ಗೋಡೆ ಇಲ್ಲ. ಇಡೀ ಹಳ್ಳಿ ತಲೆ ತಗ್ಗಿಸಿ ಕೂತ ಹೊತ್ತಿನಲ್ಲಿ ಅವಳ ಏಳು ತಿಂಗಳ ಮಗ ಪೇಲು ಗಂಟಲು ಹರಿಯುವಂತೆ ಚೀರುತ್ತಿದ್ದ.

ಕೊಳದ ಮೆಟ್ಟಿಲು ಹತ್ತಿ ಬಂದರೆ ರಸ್ತೆಯ ಬದಿಯಲ್ಲಿ ಕೋಲು ಹಿಡಿದು ಕಾವಲಿಗೆ ನಿಂತಿದ್ದವನು ಸೇಫೋ. ಹಿಂದಿನ ತಿಂಗಳು ತೋಟದಿಂದ ತಡವಾಗಿ ಬಂದ ಇದೇ ಸೇಫೋಗೆ ಸಿಮಿ ದಂಡ ಹಾಕಿದ್ದ.

"ಕೂತ್ಕೋ ತಂಗಿ," ಎಂದ ಸೇಫೋ, ದನಿ ಇಳಿಸಿ.

"ಸೇಫೋ ಅಣ್ಣ, ಮಗು ಅಳ್ತಿದೆ."

"ಕೇಳಿಸ್ತಿದೆ. ಊರಿಗೆಲ್ಲ ಕೇಳಿಸ್ತಿದೆ. ಕೂತ್ಕೋ."

"ನಾನು ಹಿಂದ್ಗಡೆಯಿಂದ ಹೋಗ್ಬಿಡ್ತೀನಿ. ನೀನು ನೋಡ್ಲಿಲ್ಲ ಅಂದ್ಕೋ."

"ಅವತ್ತು ನನ್ನ ಹೆಗಲ ಮೇಲೆ ಕೆಸುವಿನ ಗೆಡ್ಡೆ ಹೊರೆ ಇತ್ತು. ಮನೆಗೆ ಹತ್ತೇ ಹೆಜ್ಜೆ. ನಿಮ್ಮ ಮಾವ ನೋಡ್ಲಿಲ್ಲ ಅಂದ್ಕೊಂಡ್ರಾ?"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಲೂಪೆ ಮೆಟ್ಟಿಲಿನ ಮೇಲೆ ಕೂತಳು. ಮಗುವಿನ ಅಳುವಿಗೆ ಎದೆಹಾಲು ಇಳಿದು ಅಂಗಿಯ ಮುಂಭಾಗ ಬೆಚ್ಚಗೆ ತೋಯ್ದಿತು. ಕಿತ್ತಳೆಯ ರಸ ಹಣೆಯಿಂದ ಕಣ್ಣಿಗಿಳಿದು ಉರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮಗು ಅಳಲಿ, ಅತ್ತೆ ಎತ್ತಿಕೊಳ್ಳುತ್ತಾಳೆ, ಅದಕ್ಕಲ್ಲ ಅವಳ ಹೆದರಿಕೆ. ಈ ಕೊಳ ಕೈಬಿಟ್ಟು ಹೋಯಿತಲ್ಲ ಎಂದು ಹೆದರಿಕೆ. ಹಾಗೆ ಯೋಚಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವೂ ಆಯಿತು.

ಅವಳ ದಿನ ಹೇಗಿರುತ್ತದೆ ಎಂದು ಹೇಳಿದರೆ ನಿಮಗೆ ಇದು ಅರ್ಥವಾದೀತು. ಗಂಡ ಯೋಪು ಏಳು ತಿಂಗಳ ಮಟ್ಟಿಗೆ ನ್ಯೂಜಿಲೆಂಡಿನ ಸೇಬಿನ ತೋಟಕ್ಕೆ ಹೋಗಿದ್ದಾನೆ. ಇವಳು ನಾಲ್ಕೂವರೆಗೆ ಏಳುತ್ತಾಳೆ. ಒಲೆ ಹೊತ್ತಿಸಿ ಎಲ್ಲರಿಗೂ ಕೋಕೋ ಕಾಯಿಸಬೇಕು, ಅಂಗಳದ ಎಲೆ ಗುಡಿಸಬೇಕು, ಐದು ವರ್ಷದ ಮಗಳು ಆನಾಳ ಜಡೆ ಹೆಣೆದು ಶಾಲೆಗೆ ಸಿದ್ಧ ಮಾಡಬೇಕು, ಮಗುವಿಗೆ ಹಾಲೂಡಿಸಿ ಆರೂವರೆಯ ಬಸ್ಸು ಹಿಡಿಯಬೇಕು. ಕಡಲ ಬದಿಯ ಪ್ರವಾಸಿಗಳ ವಸತಿಗೃಹದಲ್ಲಿ ಅವಳಿಗೆ ಹಾಸಿಗೆ ಬಟ್ಟೆ ಬದಲಾಯಿಸುವ, ಒಗೆಯುವ ಕೆಲಸ. ಸಂಜೆ ಮರಳಿದರೆ ಮತ್ತೆ ಒಲೆ. ಸೊಸೆಯಾದವಳು ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣಬೇಕು, ಅದು ನಮ್ಮ ಪದ್ಧತಿ. ಪದ್ಧತಿಯನ್ನು ಹೊಗಳುವವರು ಸಾಮಾನ್ಯವಾಗಿ ಮೊದಲು ಉಂಡವರೇ.

ಈ ಎಲ್ಲದರ ನಡುವೆ ಅವಳು ಇಪ್ಪತ್ತು ನಿಮಿಷ ಗಿಟ್ಟಿಸಿಕೊಂಡಿದ್ದಳು. ಸಂಜೆ ಆರಕ್ಕೆ ಹೆಂಗಸರ ಸಿಹಿನೀರಿನ ಕೊಳ. ಕಲ್ಲಿನ ತುಂಡಿನಿಂದ ಹಿಮ್ಮಡಿ ಉಜ್ಜಿಕೊಳ್ಳುವಳು, ಕೂದಲಿಗೆ ಕಿತ್ತಳೆ ಹಿಂಡಿಕೊಳ್ಳುವಳು, ಸಣ್ಣ ಸೀಸೆಯ ಕೊಬ್ಬರಿ ಎಣ್ಣೆಯನ್ನು ಮೊಣಕೈಗೆ, ಕತ್ತಿಗೆ ತಿಕ್ಕಿಕೊಳ್ಳುವಳು. ಉಳಿದ ಹೊತ್ತು ಸುಮ್ಮನೆ ಒರಗಿರುವುದು. ಅತ್ತೆ ಮರೇತಾ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: "ಮೊದಲ್ನೇ ಶಂಖಕ್ಕೆ ಮನೇಲಿರ್ಬೇಕು. ನಿಮ್ಮ ಮಾವನ ಮಾನದ ಪ್ರಶ್ನೆ. ಒಂದು ದಿನ ತಪ್ಪಿದ್ರೂ ಆಮೇಲೆ ಮನೆ ಡ್ರಮ್ ನೀರೇ ಗತಿ."

ಮೂರನೇ ಶಂಖ ಊದಿದಾಗ ಲೂಪೆ ಓಡಿದಳು. ಮರೇತಾ ಮಗುವನ್ನು ಅವಳ ಕೈಗಿಟ್ಟಳು. ಊಟ ಮುಗಿದ ಮೇಲೆ ಸಿಮಿ ಕರೆದ. ಅವನು ಚಕ್ಕಳಮಕ್ಕಳ ಹಾಕಿ ಕೂತಿದ್ದ, ಇವಳು ಚಾಪೆಯ ಅಂಚಿನಲ್ಲಿ ತಲೆ ತಗ್ಗಿಸಿದಳು.

"ಯಾಕೆ ತಡವಾಯ್ತು?"

ಕಾಯಿಲೆಗೆ ದಂಡವಿಲ್ಲ. ತಲೆ ಸುತ್ತಿತು ಎಂದರೆ ಸಾಕಿತ್ತು, ಮಾವನ ಮಾನವೂ ಉಳಿಯುತ್ತಿತ್ತು. ಆದರೆ ತಲೆ ಸುತ್ತುವವಳನ್ನು ಒಬ್ಬಳೇ ನೀರಿಗೆ ಬಿಡುವವರು ಯಾರು? ನಿಜ ಹೇಳಿದರೆ ದಂಡ ಕಟ್ಟಿ ಅಲ್ಲಿಗೆ ಮುಗಿದೀತು, ಅತ್ತೆಯೂ ಮನ್ನಿಸಿದರೆ ಕೊಳ ಉಳಿದೀತು ಎಂದು ಅವಳು ಲೆಕ್ಕ ಹಾಕಿದಳು.

"ನಿದ್ದೆ ಬಂದ್ಬಿಡ್ತು ಮಾವ. ಕಿವಿ ನೀರಲ್ಲಿತ್ತು, ಶಂಖ ಕೇಳಿಸ್ಲಿಲ್ಲ."

"ನೀರಲ್ಲಿ ನಿದ್ದೆ?"

"ಹೂಂ."

"ಸೇಫೋ ಮನೆಯಿಂದ ಒಂದು ಹಂದಿ ತಗೊಂಡಿದ್ದೆ. ನಮ್ಮನೆಯಿಂದಲೂ ಒಂದು ಹೋಗುತ್ತೆ," ಎಂದ ಸಿಮಿ. ಆಮೇಲೆ ಅವಳು ಎಣಿಸದೇ ಇದ್ದ ಮಾತು ಹೇಳಿದ: "ಕೂತಲ್ಲೇ ನಿದ್ದೆ ಬರೋಷ್ಟು ದಣಿದಿದೀಯ, ನಾವು ಯಾರೂ ನೋಡ್ಲಿಲ್ಲ. ತಪ್ಪು ನಮ್ಮದು. ನಾಳೆಯಿಂದ ಆ ಹೊತ್ತಿಗೆ ನೀನು ಮಲಕ್ಕೋ. ಕೊಳ ಬೇಡ."

ಬೈದಿದ್ದರೆ ಅವಳು ಎದುರು ಮಾತಾಡದಿದ್ದರೂ ಒಳಗೊಳಗೇ ಬೈದುಕೊಳ್ಳಬಹುದಿತ್ತು. ಇದಕ್ಕೆ ಏನನ್ನಬೇಕು?

ಮರುದಿನದಿಂದ ಲೂಪೆಯನ್ನು ಮಲಗಿಸುವ ಕಾರ್ಯಕ್ರಮ ಶುರುವಾಯಿತು. ಮನೆಯ ನಟ್ಟನಡುವೆ ಮರೇತಾ ಒಳ್ಳೆಯ ಚಾಪೆ ಹಾಸಿದಳು, ಬಿಸಿಲು ಬೀಳುವ ಕಡೆ ತೆಂಗಿನ ಗರಿಯ ಪರದೆ ಇಳಿಸಿದಳು. ಉಳಿದ ಮೂರು ಕಡೆ ಬಯಲು. ಹಾದಿಯಲ್ಲಿ ಹೋಗುವವರೆಲ್ಲ ನಿಂತು ಪಿಸುಗುಟ್ಟಿದರು. "ಪಾಪ, ನೀರಲ್ಲೇ ಮಲಗಿಬಿಟ್ಟಿದ್ದಳಂತೆ." "ಈಗ ಬಂತಾ ನಿದ್ದೆ?" "ಕಣ್ಣು ಮುಚ್ಚಿದಾಳೆ, ಆದ್ರೆ ಹೆಬ್ಬೆರಳು ಅಲ್ಲಾಡ್ತಿದೆ ನೋಡು." ಸೇಫೋನ ಹೆಂಡತಿ ದೀವಿಹಲಸಿನ ಬಿಸಿ ತುಂಡು ತಂದು ತಲೆಯ ಹತ್ತಿರ ಇಟ್ಟುಹೋದಳು, ಎದ್ದ ಮೇಲೆ ತಿನ್ನಲಿ ಎಂದು. ನಮ್ಮವರ ಪ್ರೀತಿಯೇ ಹಾಗೆ, ಹಿಡಿದರೆ ಉಸಿರಾಡಲು ಬಿಡುವುದಿಲ್ಲ.

ಲೂಪೆಗೆ ಒಂದು ದಿನವೂ ನಿದ್ದೆ ಬರಲಿಲ್ಲ. ಹಲ್ಲು ಕಚ್ಚಿಕೊಂಡು ಆರರಿಂದ ಶಂಖದ ತನಕ ಬಿದ್ದಿರುವಳು. ಆಮೇಲೆ ಎದ್ದು ಡ್ರಮ್ಮಿನ ಪಕ್ಕ ಮೈ ತೊಳೆದುಕೊಳ್ಳುವಳು, ಅಲ್ಲಿಯೂ ಯಾರಾದರೊಬ್ಬರು ಟವೆಲು ಹಿಡಿದು ಕಾಯುತ್ತಿರುವರು. ದಿನ ಕಳೆದಂತೆ ಅವಳ ಒಳಗೆ ಏನೋ ಬಿಗಿಯುತ್ತಾ ಹೋಯಿತು. ಕೆಲಸದಲ್ಲಿ ಒಂದು ಹೊದಿಕೆಯನ್ನು ಎಳೆದ ರಭಸಕ್ಕೆ ಹರಿದೇಬಿಟ್ಟಳು. ಭಾನುವಾರ ಯೋಪು ಫೋನು ಮಾಡಿದಾಗ ಹೂಂ, ಉಹೂಂ ಎಂದು ಮುಗಿಸಿದಳು. ಮಗು ಹಾಲು ಕುಡಿಯುವಾಗ ಅದರ ಮುಖ ನೋಡುವುದನ್ನೇ ಬಿಟ್ಟಿದ್ದಳು.

ಎಂಟನೇ ದಿನ ಅವಳು ಕಣ್ಣು ಮುಚ್ಚಿ ಬಿದ್ದಿದ್ದಾಗ ಆನಾ ಮೊಣಕಾಲೂರಿ ಬಂದು ಅಮ್ಮನ ರೆಪ್ಪೆಯನ್ನು ಬೆರಳಿನಿಂದ ಎತ್ತಿ ನೋಡಿದಳು.

"ಅಮ್ಮ, ನಿದ್ದೆ ಬಂತಾ?"

ಲೂಪೆ ಎದ್ದು ಕೂತ ರಭಸಕ್ಕೆ ಹುಡುಗಿ ಹಿಂದಕ್ಕೆ ಬಿದ್ದಳು. ಲೂಪೆಯ ಕೈ ಮೇಲೆ ಎದ್ದಿತ್ತು. ಬಾಯಿಂದ ಹೊರಟ ಕೂಗಿಗೆ ಎದುರುಮನೆಯ ನಾಯಿ ಎದ್ದು ನಿಂತಿತು. ಎತ್ತಿದ ಕೈ ಹಾಗೇ ನಿಂತಿತು, ಇಳಿಯಲಿಲ್ಲ, ಹೊಡೆಯಲಿಲ್ಲ. ಆನಾ ಅಳಲಿಲ್ಲ. ಆ ಕೈಯನ್ನೇ ನೋಡುತ್ತಾ ಕೂತಳು.

ಮರೇತಾ ಒಲೆಯ ಕಡೆಯಿಂದ ಬಂದಳು. ಆನಾಳನ್ನು ಅಜ್ಜನ ಹತ್ತಿರ ಕಳಿಸಿದಳು. "ಏನಾಗಿದೆ ನಿಂಗೆ? ನಿನಗೋಸ್ಕರ ಹಂದಿ ಹೋಯ್ತು. ನಿನಗೋಸ್ಕರ ಚಾಪೆ ಹಾಸಿದೀವಿ. ಊರೆಲ್ಲ ತುದಿಗಾಲಲ್ಲಿ ನಡೀತಿದೆ. ಇನ್ನೇನು ಬೇಕು?"

"ನಂಗೆ ನಿದ್ದೆ ಬೇಡ ಅತ್ತೆ."

"ಮತ್ತೆ?"

"ಒಬ್ಬಳೇ ಇರ್ಬೇಕು."

ನಮ್ಮಲ್ಲಿ ಇದು ಬೈಗುಳಕ್ಕೆ ಹತ್ತಿರದ ಮಾತು. ಒಂಟಿಯಾಗಿರುವವರು ಎಂದರೆ ಮನೆಯವರು ಕೈಬಿಟ್ಟವರು. ಮರೇತಾಳ ಮುಖ ಬಿಳಿಚಿಕೊಂಡಿತು.

"ಒಬ್ಬಳೇ? ಅಂಥದ್ದು ನಾವೇನು ಮಾಡಿದ್ವಿ?"

"ನೀವೇನೂ ಮಾಡಿಲ್ಲ. ಬೆಳಗ್ಗೆ ಕಣ್ಣು ಬಿಟ್ಟಾಗಿಂದ ಲೂಪೆ ಕೋಕೋ, ಲೂಪೆ ಚಮಚ, ಅಮ್ಮ ಉಚ್ಚೆ, ಲೂಪೆ ಮೂರನೇ ಕೋಣೆ ದುಪ್ಪಟಿ. ಕೊಳದಲ್ಲಿ ಕಿವಿ ಮುಳುಗಿಸಿದ್ರೆ ಯಾರು ಕರೆದ್ರೂ ಕೇಳಿಸಲ್ಲ ಅತ್ತೆ. ಅದಕ್ಕೇ ಹೋಗ್ತಿದ್ದೆ, ಅವತ್ತು ಶಂಖ ಕೇಳಿಸದೇ ಇದ್ದದ್ದೂ ಅದಕ್ಕೇ. ಇವತ್ತು ಕೈ ಎತ್ತಿದ್ದೀನಿ. ನಾಳೆ ಹೊಡೀತೀನಿ. ಅವಳಿಗಾದ್ರೆ ಐದು ವರ್ಷ, ತಡ್ಕೋತಾಳೆ. ಪೇಲು? ನಂಗೆ ನನ್ನ ಕೈ ಕಂಡ್ರೇ ಭಯ ಆಗ್ತಿದೆ."

ಮರೇತಾ ಚಾಪೆ ಸುತ್ತಿ ಮೇಲಿಟ್ಟು ಒಲೆಯ ಕಡೆ ಹೋದಳು. ಆ ರಾತ್ರಿಯೂ ಮಾತಿಲ್ಲ, ಮರುದಿನವೂ ಇಲ್ಲ. ಬಡಿಸುವಾಗ ಇಬ್ಬರ ಕೈಗಳೂ ಒಂದೇ ಪಾತ್ರೆಗೆ ಹೋದವು, ಕಣ್ಣು ಮಾತ್ರ ಸೇರಲಿಲ್ಲ. ಹೇಳಬಾರದ್ದನ್ನು ಹೇಳಿ ಮನೆ ಮುರಿದೆನೇನೋ ಎಂದು ಲೂಪೆಗೆ ಅನ್ನಿಸಿತು.

ಮೂರನೇ ದಿನ ಆರಕ್ಕೆ ಹತ್ತು ನಿಮಿಷ ಇರುವಾಗ ಮರೇತಾ ಪೇಲುವನ್ನು ಎತ್ತಿ ಸಿಮಿಯ ತೊಡೆಯ ಮೇಲೆ ಇಟ್ಟಳು. ಹಳ್ಳಿಗೆಲ್ಲ ಶಿಸ್ತು ಕಲಿಸುವ ಮನುಷ್ಯ ಬಿಸಿ ಪಾತ್ರೆಯನ್ನು ಯಾರೋ ಕೈಗಿಟ್ಟಂತೆ ಅಲುಗಾಡದೆ ಕೂತ.

"ಏಳು," ಎಂದಳು ಲೂಪೆಗೆ.

ಇಬ್ಬರೂ ಕೊಳದ ತನಕ ನಡೆದರು. ಇನ್ನು ಮೇಲೆ ಇಲ್ಲಿಯೂ ಕಾವಲು, ಇಲ್ಲಿಯೂ ಒಬ್ಬರ ಕಣ್ಣು ಎಂದುಕೊಂಡಳು ಲೂಪೆ. ಚಪ್ಪಲಿ ಕಳಚಿ ಮೇಲಿನ ಮೆಟ್ಟಿಲಲ್ಲಿಟ್ಟು ನೀರಿಗಿಳಿದು ಬಂಡೆಯ ಹಿಂದೆ ಸರಿದಳು.

ಮರೇತಾ ಇಳಿಯಲಿಲ್ಲ. ಮೇಲಿನ ಮೆಟ್ಟಿಲಲ್ಲಿ ರಸ್ತೆಯ ಕಡೆ ಮುಖ ಮಾಡಿ, ಕೊಳಕ್ಕೆ ಬೆನ್ನು ಕೊಟ್ಟು ಕೂತಳು. "ಮೊದಲ್ನೇ ಶಂಖಕ್ಕೆ ಕಲ್ಲು ಕುಟ್ತೀನಿ," ಎಂದಷ್ಟೇ ಹೇಳಿ ಬೀಸಣಿಗೆ ಆಡಿಸತೊಡಗಿದಳು.

ಐದು ನಿಮಿಷವಾಗಿರಬೇಕು. ರಸ್ತೆಯಲ್ಲಿ ಪುಟ್ಟ ಹೆಜ್ಜೆಗಳ ಸದ್ದು ಕೇಳಿಸಿತು. ಆನಾ.

"ಅಜ್ಜಿ, ತಮ್ಮ ಅಳ್ತಾನೆ. ಅಜ್ಜ ಅಮ್ಮನ್ನ ಕರ್ಕೊಂಡು ಬಾ ಅಂದ್ರು. ಬೇಗ ಅಂತೆ."

ಬಂಡೆಯ ಹಿಂದೆ ಲೂಪೆಯ ಎದೆ ಹಾಲಿಗೆ ಬಿಗಿಯಿತು. ಅವಳು ಕಾಲೂರಿ ಅರ್ಧ ಎದ್ದಳು, ಕೈ ಆಗಲೇ ಬಟ್ಟೆಗೆ ಚಾಚಿತ್ತು.

"ನಿಮ್ಮಮ್ಮ ಇಲ್ಲಿಲ್ಲ," ಎಂದಳು ಮರೇತಾ.

ಲೂಪೆ ಚಾಚಿದ ಕೈ ಹಾಗೇ ನಿಲ್ಲಿಸಿದಳು. ಮೂವತ್ತು ವರ್ಷ ಚರ್ಚಿನ ಭಾನುವಾರದ ಶಾಲೆಯಲ್ಲಿ ಊರಿನ ಮಕ್ಕಳಿಗೆಲ್ಲ ಸುಳ್ಳು ಹೇಳಬಾರದೆಂದು ಕಿವಿ ಹಿಂಡಿದ ಹೆಂಗಸು ಅದು.

"ಅಮ್ಮನ ಚಪ್ಪಲಿ ಇಲ್ಲೇ ಇದೆಯಲ್ಲ?"

"ಅದು ನಂದು."

ಆನಾ ಅಜ್ಜಿಯ ಕಾಲು ನೋಡಿದಳು. ಕಾಲಲ್ಲಿ ಅಜ್ಜಿಯ ಚಪ್ಪಲಿ ಇತ್ತು. ಆಮೇಲೆ ಅಜ್ಜಿಯ ಮುಖ ನೋಡಿದಳು. ಮರೇತಾ ಬೀಸಣಿಗೆ ಆಡಿಸುವುದನ್ನು ನಿಲ್ಲಿಸಲಿಲ್ಲ.

"ಅಜ್ಜಂಗೆ ಹೇಳು, ಮಗೂನ ಹೆಗಲಿಗೆ ಹಾಕ್ಕೊಂಡು ಬೆನ್ನು ತಟ್ತಾ ಓಡಾಡ್ಲಿ. ಅತ್ರೆ ಅಳ್ಲಿ, ಏನೂ ಆಗಲ್ಲ. ನಿಮ್ಮಪ್ಪನೂ ಅತ್ತೇ ಬೆಳೆದದ್ದು."

ಆನಾ ಒಮ್ಮೆ ಬಂಡೆಯ ಕಡೆ ಕತ್ತು ಚಾಚಿದಳು, ಮತ್ತೆ ಚಪ್ಪಲಿಗಳನ್ನು ನೋಡಿದಳು. ಬಗ್ಗಿ ಆ ಎರಡನ್ನೂ ಎತ್ತಿ ರಸ್ತೆಯಿಂದ ಕಾಣದಂತೆ ಅಜ್ಜಿಯ ಹಿಂದೆ ಜೋಡಿಸಿ ಇಟ್ಟಳು. ಆಮೇಲೆ ಮನೆಯ ಕಡೆ ಓಡಿದಳು. ಓಡುತ್ತಾ ದಾರಿಯುದ್ದಕ್ಕೂ ಎಲ್ಲ ಮನೆಗಳಿಗೂ ಕೇಳುವಂತೆ ಕೂಗಿದಳು.

"ಅಮ್ಮ ಅಲ್ಲಿಲ್ಲ ಅಜ್ಜಾ. ಎಲ್ಲೂ ಇಲ್ಲ."

ಲೂಪೆ ನೀರಿಗೆ ಕುಸಿದು ಕೂತು ಅತ್ತಳು. ಸದ್ದು ಮಾಡಿಯೇ ಅತ್ತಳು. ಮರೇತಾಗೆ ಅದು ಕೇಳಿಸಿರಲೇಬೇಕು, ಆದರೆ ಆಕೆ ತಿರುಗಿ ನೋಡಲಿಲ್ಲ. ಮೊದಲನೇ ಶಂಖಕ್ಕೆ ಇನ್ನೂ ಹದಿನೈದು ನಿಮಿಷವಿತ್ತು.