ಕಸ್ತೂರೆವ್ವನ ಆಸ್ಟಿನ್ ಏರು ಹತ್ತದಾದಾಗ

ಕನ್ನೊಳ್ಳಿಯ ರಾಚಪ್ಪ ಕಾರು ಕೊಂಡನೇ ಹೊರತು ಅದನ್ನು ಓಡಿಸಿದವಳು ಅವನ ಹೆಂಡತಿ ಕಸ್ತೂರೆವ್ವ.

ಎಪ್ಪತ್ತೊಂದರಲ್ಲಿ, ಸುಗ್ಗಿ ಮುಗಿದ ಮೇಲೆ, ಬಿಜಾಪುರದ ಮುದುಕ ಡಾಕ್ಟರೊಬ್ಬರು ತಮ್ಮ ಹಳೆಯ ಆಸ್ಟಿನ್ ಮಾರಲು ನಿಂತಿದ್ದರು. ಆಮೆಯ ಬೆನ್ನಿನಂತೆ ದುಂಡಗಿನ ಮೈ, ಗಿಳಿಹಸಿರು ಬಣ್ಣ. ನೋಡಿದ ಕೂಡಲೇ ರಾಚಪ್ಪನಿಗೆ ಮನಸ್ಸಾಯಿತು. ತಂದು ಕಣದಲ್ಲಿ ಕಲಿಯಲು ಹೋದ. ಕಣವನ್ನು ಎರಡು ಸುತ್ತು ಹಾಕಿ ಮೂರನೆಯದಕ್ಕೆ ನೇರವಾಗಿ ಬಣವೆಯೊಳಗೆ ನುಗ್ಗಿಸಿದ. ಕಸ್ತೂರೆವ್ವ ಓಡಿ ಬಂದು ಕಾರಿನ ಬಾಗಿಲ ಮುಂದಿನ ಜೋಳದ ಕಣಿಕೆ ಎಳೆದು ಹಾಕಿ ಗಂಡನ ಮುಖ ಕಂಡಳು.

"ಇದಕ ಹಗ್ಗಿಲ್ಲ, ಮೂಗುದಾರಿಲ್ಲ, ಹೆಂಗ ನಿಲ್ಲಸೋದು?" ಎಂದ ರಾಚಪ್ಪ.

"ಇಳೀರಿ. ನಾ ನೋಡ್ತೇನಿ," ಎಂದಳು.

ಅವಳು ಇಂಡಿ ಊರಿನ ಮಗಳು. ತವರಿನಲ್ಲಿ ನಿಂಬೆಯ ತೋಟ. ಲಂಗ ಉಡುವ ವಯಸ್ಸಿನಲ್ಲೇ ಕಾಯಿ ತುಂಬಿದ ಚಕ್ಕಡಿ ಹೊಡೆದುಕೊಂಡು ಪೇಟೆಗೆ ಹೋಗುತ್ತಿದ್ದವಳು. ಅವಳಿಗೆ ಎಲ್ಲವೂ ಬೇಗ ಆಗಬೇಕು. ಮಾತು ಬೇಗ, ನಡಿಗೆ ಬೇಗ. ಅವಳು ಒಲೆಯ ಮುಂದೆ ಕೂತರೆ ರೊಟ್ಟಿಗಳು ಹೆದರಿಯೇ ಉಬ್ಬುತ್ತವೆ ಎಂದು ಊರಲ್ಲಿ ನಗುತ್ತಿದ್ದರು. ರಾಚಪ್ಪನೋ ಎಲೆಯಡಿಕೆ ಹಾಕಿಕೊಳ್ಳುವುದಕ್ಕೇ ಒಂದು ಹೊತ್ತು ತೆಗೆದುಕೊಳ್ಳುವ ಮನುಷ್ಯ. ಆದರೂ ಇಬ್ಬರ ಸಂಸಾರ ಚೆನ್ನಾಗಿತ್ತು. ಬಿಜಾಪುರದಲ್ಲಿ ಲೈಸೆನ್ಸ್ ಕೊಡುವ ಸಾಹೇಬರು "ಗಾಡಿ ಓಡಿಸುವವರು ಯಾರು?" ಎಂದು ಕೇಳಿದಾಗ, ಅವಳು ಬಾಯಿ ಬಿಡುವ ಮೊದಲೇ ಹೆಮ್ಮೆಯಿಂದ ಅವಳ ಕಡೆ ಕೈ ತೋರಿಸಿದವನು ರಾಚಪ್ಪನೇ.

ಆಮೇಲೆ ಆ ಕಾರು ಊರಿನ ಕಾರಾಯಿತು. ಹೆರಿಗೆಗೆ ಸಿಂದಗಿಯ ದವಾಖಾನೆಗೆ ಹೋಗುವವರು, ಚೇಳು ಕಡಿದವರು, ಪರೀಕ್ಷೆಗೆ ತಡವಾದ ಹುಡುಗಿಯರು, ಎಲ್ಲರೂ ಬಂದು ಅವಳ ಕಟ್ಟೆಯ ಮುಂದೆ ನಿಲ್ಲುತ್ತಿದ್ದರು. ಕಸ್ತೂರೆವ್ವ ಸೆರಗು ಬಿಗಿದು ಕಟ್ಟಿ, ಚಾವಿ ತಿರುವಿ ಹೊರಟೇ ಬಿಡುತ್ತಿದ್ದಳು.

ಎಪ್ಪತ್ನಾಲ್ಕರ ಚಳಿಗಾಲದಲ್ಲಿ ಕಾರಿಗೆ ಏನೋ ಆಯಿತು. ಇಂಡಿಯಲ್ಲಿ ಅವಳ ಅಣ್ಣ ಬಸಂತರಾಯನ ಮಗನಿಗೆ ಹೆಸರಿಡುವ ಕಾರ್ಯ. ಹಿಂದಿನ ಸೀಟಿನಲ್ಲಿ ಪಕ್ಕದ ಮನೆಯ ಸಾತವ್ವ ಮತ್ತು ಅವಳ ಇಬ್ಬರು ನಾದಿನಿಯರು, ಮುಂದೆ ರಾಚಪ್ಪ, ಡಿಕ್ಕಿಯಲ್ಲಿ ಕರ್ಚಿಕಾಯಿಯ ಬುಟ್ಟಿ. ಬಯಲು ದಾರಿಯಲ್ಲಿ ಹೇಗೋ ನಡೆಯಿತು. ಹಳ್ಳ ದಾಟಿ ಏರು ಬಂದದ್ದೇ ಕಾರಿನ ಕಸುವು ಇಳಿಯಿತು. ಕಸ್ತೂರೆವ್ವ ಪೆಡಲನ್ನು ನೆಲಕ್ಕೆ ಒತ್ತಿದಳು. ಏನೂ ಆಗಲಿಲ್ಲ. ಮಂದಿ ತುಂಬಿದ ಟೆಂಪೋ ಹಾರ್ನ್ ಹೊಡೆದು ಮುಂದೆ ಹೋಯಿತು. ಆಮೇಲೆ ಹಾಲಿನ ಕ್ಯಾನು ಕಟ್ಟಿದ ಸೈಕಲ್ಲಿನವನೊಬ್ಬ ಪಕ್ಕಕ್ಕೇ ಬಂದು, "ಅಕ್ಕಾರ, ಹಿಂದಿನಿಂದ ನೂಕ್ಲೇನ್ರಿ?" ಎಂದು ಕೇಳಿ ತುಳಿಯುತ್ತಾ ಹೋದ. ಕೊನೆಗೆ ಹೆಂಗಸರು ಇಳಿದು ನಡೆದೇ ಏರು ಹತ್ತಿದರು. ಕಾರಿಗಿಂತ ಮೊದಲು ಸಾತವ್ವ ಮೇಲೆ ಮುಟ್ಟಿದಳು.

"ಪಾಪ, ಹಳೀ ಗಾಡಿ. ಸಾವಕಾಶ ಹೋಗ್ಲಿ ಬಿಡು," ಎಂದ ರಾಚಪ್ಪ.

ಕಸ್ತೂರೆವ್ವ ಹಾಗೆ ಬಿಡುವವಳಲ್ಲ. ಮರುವಾರವೇ ಗಾಡಿಯನ್ನು ಸಿಂದಗಿಯ ಮಲಿಕಸಾಬನ ಗ್ಯಾರೇಜಿಗೆ ಒಯ್ದಳು. ರಾಚಪ್ಪನೂ ಜೊತೆಗೆ ಹೋದ.

ಮಲಿಕಸಾಬ ಮೊದಲು ತಾನೇ ಓಡಿಸಿ ನೋಡಿದ. ಇಂಜಿನ್ ತಡವರಿಸುತ್ತಿರಲಿಲ್ಲ, ಕೆಮ್ಮುತ್ತಿರಲಿಲ್ಲ, ಹೊಗೆಯೂ ಇಲ್ಲ.

"ವಿಚಿತ್ರ ಐತ್ರಿ ಅಕ್ಕಾರ. ಎತ್ತಿಗೆ ಬ್ಯಾನಿ ಇಲ್ಲ, ಮೇವು ಉಣ್ಣಾಕತ್ತೈತಿ, ಆದ್ರ ನೊಗಕ್ಕ ಹೆಗಲು ಕೊಡವಲ್ದು," ಎಂದ.

ಒಂದೊಂದನ್ನೇ ನೋಡುತ್ತಾ ಬಂದ. ಗಾಡಿ ಎತ್ತಿ ಗಾಲಿಗಳನ್ನು ಕೈಯಿಂದ ತಿರುಗಿಸಿದ. ಬ್ರೇಕ್ ಎಲ್ಲೂ ಹಿಡಿದಿರಲಿಲ್ಲ. ಪ್ಲಗ್ ಬಿಚ್ಚಿದ, ತುದಿಗಳು ಹುರಿದ ಕಡಲೆಯ ಬಣ್ಣಕ್ಕಿದ್ದವು, ಅಂದರೆ ಇಂಜಿನ್ನಿನೊಳಗೆ ಪೆಟ್ರೋಲು ಸರಿಯಾಗಿಯೇ ಉರಿಯುತ್ತಿತ್ತು. ಗಾಳಿ ಸೋಸುವ ಡಬ್ಬಿಯಲ್ಲಿ ಕರಿಮಣ್ಣಿನ ದೂಳು ಗಟ್ಟಿಯಾಗಿತ್ತು, ತೊಳೆದ. ಕಿಡಿ ಹುಟ್ಟಿಸುವ ಪಾಯಿಂಟ್ ಸವೆದಿತ್ತು, ಉಜ್ಜಿ ಸಂದು ಸರಿ ಮಾಡಿದ. ಕಿಡಿ ಹಾರುವ ಹೊತ್ತು ಕೊಂಚ ಹಿಂದೆ ಬಿದ್ದಿತ್ತು, ಅದನ್ನೂ ಮುಂದಕ್ಕೆ ತಂದ. ವಾಲ್ವುಗಳು ಟಕಟಕ ಅನ್ನುತ್ತಿದ್ದವು. ತೆಳು ತಗಡು ತೂರಿಸಿ ಅಳತೆ ನೋಡಿ ಬಿಗಿದ. ಕಸ್ತೂರೆವ್ವ ಮಗ್ಗುಲಲ್ಲೇ ನಿಂತು ಸ್ಪ್ಯಾನರ್ ಕೊಡುತ್ತಾ, ಇದೇನು ಅದೇನು ಎಂದು ಕೇಳುತ್ತಾ ಮೊಣಕೈವರೆಗೂ ಮಸಿ ಮಾಡಿಕೊಂಡಳು.

ಸಂಜೆ ಇಂಜಿನ್ ಚಾಲೂ ಮಾಡಿದರೆ ಸದ್ದು ಬೀಸುಕಲ್ಲಿನಷ್ಟು ಹದವಾಗಿತ್ತು. ಮಲಿಕಸಾಬನ ಮುಖ ಅರಳಿತು. ಕನ್ನೊಳ್ಳಿ ದಾರಿಯ ಏರಿಗೆ ಒಯ್ದು ನೋಡಿದರು. ಮೊದಲಿಗಿಂತ ವಾಸಿ, ಆದರೂ ಅರ್ಧ ಏರಿನಲ್ಲಿ ಅದೇ ಸೋಲು.

ಮಲಿಕಸಾಬ ವಾಪಸು ಬಂದು ಕಟ್ಟೆಯ ಮೇಲೆ ಕೂತ. "ನನ್ನ ಕೈಲೆ ಆಗೋದೆಲ್ಲಾ ಮಾಡೇನ್ರಿ. ಇನ್ನ ಇಂಜಿನ್ ಬಿಚ್ಚಬೇಕು. ಒಳಗ ಏನರ ಸವದಿದ್ರ, ಈ ಗಾಡಿಗೆ ಸಾಮಾನು ಸಿಗೋದು ಕಷ್ಟ ಐತಿ."

ಕಸ್ತೂರೆವ್ವ ಕೈ ಒರೆಸಿಕೊಂಡಳು. "ಸಿಗಲಿಲ್ಲಂದ್ರ?"

"ಸಿಗಲಿಲ್ಲಂದ್ರ ಗುಜರಿ ನೋಡ್ರಿ."

ಅವಳು ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು, ಅದರ ದೂಳನ್ನು ಸೆರಗಿನಿಂದ ಒರೆಸತೊಡಗಿದಳು. ಎಲ್ಲದಕ್ಕೂ ಅವಸರಪಡುವ ಹೆಂಗಸು ಅಷ್ಟು ನಿಧಾನವಾಗಿ ಒಂದು ಕೆಲಸ ಮಾಡಿದ್ದನ್ನು ರಾಚಪ್ಪ ಮದುವೆಯಾದಾಗಿನಿಂದ ಕಂಡಿರಲಿಲ್ಲ. ಬೆಳಗಿನಿಂದ ಬೆಂಚಿನ ಮೇಲೆ ಚಹಾ ಕುಡಿಯುತ್ತಾ ಕೂತಿದ್ದವನು ಎದ್ದ, ಕೂತ, ಮತ್ತೆ ಎದ್ದ.

"ಮಲಿಕಣ್ಣ, ಬಿಚ್ಚೋದಕ್ಕಿಂತ ಮೊದಲ... ಆ ಪೆಡಲ್ ಪೂರಾ ಒತ್ತಿದ್ರ ಇಂಜಿನ್ನಿನ ಕಡೆ ಪೂರಾ ತೆಗೀತೈತೇನು, ಒಮ್ಮೆ ನೋಡಪಾ," ಎಂದ.

ಮಲಿಕಸಾಬ ಅವನನ್ನು ವಿಚಿತ್ರವಾಗಿ ನೋಡಿ ಬಾನೆಟ್ ಎತ್ತಿದ. ಕಸ್ತೂರೆವ್ವ ಒಳಗೆ ಕೂತು ಇಂಜಿನ್ ಚಾಲೂ ಮಾಡಿದಳು.

"ಒತ್ರಿ ಅಕ್ಕಾರ."

"ಒತ್ತೇನಿ."

"ಇನ್ನಾ ಒತ್ರಿ."

"ನೆಲಕ್ಕ ಹತ್ತೈತೋ ಮಾರಾಯಾ!"

ಇಂಜಿನ್ನಿಗೆ ಪೆಟ್ರೋಲು ಬಿಡುವ ಕಾರ್ಬೊರೇಟರಿನ ಮೇಲಿನ ಸನ್ನೆಕೋಲು ಅರ್ಧಕ್ಕೇ ನಿಂತಿತ್ತು. ಮಲಿಕಸಾಬ ಬೆರಳಿನಿಂದ ತಳ್ಳಿದ. ಅದು ಆರಾಮಾಗಿ ಪೂರಾ ತಿರುಗಿತು, ಇಂಜಿನ್ ಗರ್ಜಿಸಿತು. ಅವನು ಹಣೆ ಬಡಿದುಕೊಂಡು ಒಳಗೆ ಬಗ್ಗಿ, ಪೆಡಲಿನ ಕೆಳಗಿನ ರಬ್ಬರ್ ಹಾಸು ಎತ್ತಿದ. ಅಡಿಯಲ್ಲಿ, ಅಚ್ಚುಕಟ್ಟಾಗಿ ಮೊಳೆ ಹೊಡೆದು ಕೂರಿಸಿದ, ಚಪ್ಪಲಿಯ ದಪ್ಪ ಹಿಮ್ಮಡಿ.

"ಇದು ಕಂಪನಿ ಮಾಲಲ್ರಿ," ಎಂದ ಮಲಿಕಸಾಬ.

ಅವನು ಕಿತ್ತು ಕೊಟ್ಟದ್ದನ್ನು ಕಸ್ತೂರೆವ್ವ ತಿರುಗಿಸಿ ನೋಡಿದಳು. ಒಂದು ಮಗ್ಗುಲಿಗೆ ಸವೆದ ಆ ಹಿಮ್ಮಡಿಯನ್ನು ಅವಳು ವರ್ಷಗಟ್ಟಲೆ ಬಾಗಿಲ ಮೂಲೆಯಲ್ಲಿ ಕಂಡವಳು. ಗಂಡನ ಕಡೆ ತಿರುಗಿದಳು.

"ಏನ್ರಿ ಇದು?"

"ದೀಪಾವಳಿಗೆ ಬಿಜಾಪುರದಿಂದ ಬರುವಾಗ ನನ್ನ ರುಮಾಲು ಹಾರಿ ಹೋತು," ಎಂದ ರಾಚಪ್ಪ, ನೆಲ ನೋಡುತ್ತಾ. "ನಿಲ್ಲಸು, ನಿಲ್ಲಸು ಅಂತ ಒದರಿದೆ. ನೀ ಹಾಡು ಹೇಳಕೋತ ಹೊಡದಿ. ತಿರುಗಿ ಹೋಗೋದ್ರಾಗ ಚಕ್ಕಡಿಯವನೊಬ್ಬ ಅದನ್ನ ತನ್ನ ತಲಿಗೆ ಸುತ್ತಿಕೊಂಡು ಕುಂತಿದ್ದ."

"ಹೆದರಿಕಿ ಇದ್ರ ಬಾಯಿಲೆ ಹೇಳಬಾರದೇನ್ರಿ?"

"ಹೇಳಿದ್ನಲ್ಲ. ಗಾಳಿಯಾಗ ನಿನಗ ಕೇಳಸಲಿಲ್ಲ."

ಕಸ್ತೂರೆವ್ವನಿಗೆ ಸಿಟ್ಟು ಬಂದಿತ್ತು. ಬಾಯಿ ತೆರೆದವಳಿಗೆ ಬೈಗುಳದ ಬದಲು ನಗು ಬಂತು. ಮಲಿಕಸಾಬ ತಡೆದುಕೊಂಡಿದ್ದ ನಗು ಅದರ ಹಿಂದೆಯೇ ಬಂತು. ರಾಚಪ್ಪ ಇಬ್ಬರನ್ನೂ ನೋಡಿ, ಇನ್ನು ಬೈಯುವುದಿಲ್ಲವೆಂದು ಖಾತ್ರಿಯಾದ ಮೇಲೆ ತಾನೂ ನಕ್ಕ.

ಅವನ ನಗು ಮನೆಯ ದಾರಿಯವರೆಗೆ ಮಾತ್ರ. ಇಡೀ ದಿನ ಮಲಿಕಸಾಬ ತಿದ್ದಿ ತೀಡಿದ ಇಂಜಿನ್ನಿಗೆ ಈಗ ಅಡ್ಡಿಯೂ ಇರಲಿಲ್ಲ. ಆಗಷ್ಟೇ ಸೋತಿದ್ದ ಅದೇ ಏರನ್ನು ಆಸ್ಟಿನ್ ಒಂದೇ ಉಸಿರಿಗೆ ಹತ್ತಿತು. ಮುಂದಿನ ಬಸ್ಸನ್ನೂ ಹಿಂದೆ ಹಾಕಿತು. ರಾಚಪ್ಪ ಎರಡೂ ಕೈಯಿಂದ ಸೀಟು ಹಿಡಿದು, "ಮೊದಲಿಗಿಂತ ಜೋರಾತಲ್ಲೇ!" ಎಂದು ಒದರಿದ. ಈ ಸಲ ಅವಳಿಗೆ ಕೇಳಿಸಿತು. ಪೆಡಲಿನ ಮೇಲಿನ ಕಾಲು ಸಡಿಲ ಮಾಡಿದಳು.

"ಇನ್ನ ಮ್ಯಾಲ ನೀವು 'ಸಾಕು' ಅಂದ್ರ ಸಾವಕಾಶ ಮಾಡ್ತೇನಿ. ಚಪ್ಪಲಿ ಕೆಲಸ ಬ್ಯಾಡ," ಎಂದಳು.

ಅವಳು ಮಾತು ಉಳಿಸಿಕೊಂಡಳು. ರಾಚಪ್ಪ ದಾರಿಯುದ್ದಕ್ಕೂ ಧಾರಾಳವಾಗಿ ಸಾಕು ಅನ್ನುತ್ತಿದ್ದ, ಅವಳು ಗೊಣಗುತ್ತಲೇ ನಿಧಾನಿಸುತ್ತಿದ್ದಳು.

ಆ ಬೇಸಿಗೆಯಲ್ಲಿ ಒಂದು ಮುಂಜಾನೆ ಸಾತವ್ವನ ಸೊಸೆಗೆ ಹೆರಿಗೆಯ ನೋವು ಎದ್ದಿತು. ಹುಡುಗಿ ಹಿಂದಿನ ಸೀಟಿನಲ್ಲಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಅಳುತ್ತಿದ್ದಳು. ಕಸ್ತೂರೆವ್ವ ಎಂದಿನ ಅಭ್ಯಾಸಕ್ಕೆ ಗಂಡನ 'ಸಾಕು' ಕಾಯುತ್ತಾ ಮಧ್ಯಮ ವೇಗದಲ್ಲಿ ಹೊರಟಿದ್ದಳು. ರಾಚಪ್ಪ ಹಿಂದೆ ಒಮ್ಮೆ ತಿರುಗಿ ನೋಡಿದ. ಆ ಹುಡುಗಿಯ ಮುಖ ಬಿಳಿಚಿಕೊಂಡಿತ್ತು.

"ಏನು ನೋಡಾಕತ್ತಿ? ಹೊಡಿ!" ಎಂದ.

ಸಿಂದಗಿಯ ದವಾಖಾನೆಯ ಬಾಗಿಲಿಗೆ ಕಾರು ನಿಂತಾಗ ನರ್ಸಬಾಯಿ ಇನ್ನೂ ಹಲ್ಲುಜ್ಜುತ್ತಿದ್ದಳು. ಬಿಸಿಲೇರುವ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು, ತಾಯಿಯೂ ಸುಖವಾಗಿದ್ದಳು. ಸಾತವ್ವ ಹೊರಗೆ ಬಂದು ಕಸ್ತೂರೆವ್ವನ ಕೈ ಹಿಡಿದುಕೊಂಡಳು. ರಾಚಪ್ಪ ಬೇವಿನ ನೆರಳಿನಲ್ಲಿ ನಿಂತು, ದಾರಿಯ ತಿರುವುಗಳಲ್ಲಿ ತನ್ನ ಹೆಂಡತಿ ಹೇಗೆ ಗಾಡಿ ಹೊರಳಿಸಿದಳೆಂದು ಚಹಾದಂಗಡಿಯವನಿಗೆ ಎರಡೂ ಕೈ ತಿರುವಿ ತಿರುವಿ ತೋರಿಸುತ್ತಿದ್ದ.